ಒಂದೇ ಬೋರ್ಡಿನ ಪಾಸು

ಹಲ್ಲಿನ ಡಾಕ್ಟರ ಬಳಿ ಹೋಗಲು ಮಂಡಿನೋವಿನ ಅಜ್ಜಿ ಲಿಫ್ಟಿಗೆ ಕಾಯುತ್ತಿದ್ದರು. ಮುಂದೆ ನಿಂತಿದ್ದ ಇಂಜಿನಿಯರ್ ಮತ್ತವನ ಆಫೀಸಿನ ಮೇಡಂ ಆಡುತ್ತಿದ್ದ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಎಲ್ಲಾ ಸರ್ಕ್ಯೂಟ್ ಬೋರ್ಡೂ ಪಾಸಂತೆ! ಸಾಹೇಬ್ರು ಬೆನ್ನು ತಟ್ಟಿದ್ರಂತೆ?"

"ತಟ್ಟಿದ್ರು ಮೇಡಂ. ಆದ್ರೆ ಬೋರ್ಡುಗಳನ್ನ ಒಂದೊಂದಾಗಿ ಅಳೆಯೋಕೆ ಟೆಸ್ಟ್ ಮೀಟರಿಗೆ ಬರೆದ ಪ್ರೋಗ್ರಾಮಲ್ಲಿ ಒಂದು ಸಾಲು ಬಿಟ್ಟೋಗಿತ್ತು."

"ಯಾವ ಸಾಲು?"

"ಮುಂದಿನ ಬೋರ್ಡಿಗೆ ಹೋಗು ಅನ್ನೋದು."

"ಅಂದ್ರೆ, ದಿನವಿಡೀ ಒಂದೇ ಬೋರ್ಡು ಅಳೆದ್ಯಾ?"

"ಪಾಪ, ಅದು ಒಂದು ಸಲಾನೂ ಫೇಲಾಗ್ಲಿಲ್ಲ."

"ಅಯ್ಯೋ ಪುಣ್ಯಾತ್ಮಾ! ಉಳಿದವು?"

"ಆಗ್ಲೇ ಲಾರಿ ಹತ್ತಿದ್ವು. ಲಿಫ್ಟ್ ಕಂಪನಿಯೋರು ಅವಸರ ಮಾಡಿದ್ರು."

"ನಿನ್ನೆ ಈ ಲಿಫ್ಟಿಗೂ ಹೊಸ ಬೋರ್ಡು ಹಾಕಿದ್ರಲ್ಲೋ..."

ಟಿಣ್ ಎಂದು ಬಾಗಿಲು ತೆರೆಯಿತು. ಇಬ್ಬರೂ ಮುಖ ಮುಖ ನೋಡಿಕೊಂಡು ಮೆಟ್ಟಿಲ ಕಡೆ ತಿರುಗಿದರು. ಅಜ್ಜಿಯ ಮಂಡಿನೋವು ಎಲ್ಲಿ ಮಾಯವಾಯಿತೋ, ಮೊದಲ ಮಹಡಿ ಮುಟ್ಟುವಷ್ಟರಲ್ಲಿ ಅವರಿಬ್ಬರನ್ನೂ ಹಿಂದೆ ಹಾಕಿದ್ದರು.