ತೌಡಿನ ಗಂಟು

ರೇಷನ್ ಅಕ್ಕಿಯ ಕಾಲ. ಬೋಳಾರದ ಕಡವಿನಲ್ಲಿ ಉಳ್ಳಾಲದ ದೋಣಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸಗಾರನೊಬ್ಬ, ಅವನ ಹೆಂಡತಿ, ಅವಳ ಮಡಿಲಲ್ಲಿ ನಿದ್ದೆ ಹೋದ ಮಗು. ಮಾತು ತುಳುವಿನಲ್ಲಿ ನಡೆದಿತ್ತು.

“ಕೆಲಸದಿಂದ ತೆಗೆದೇ ಬಿಟ್ರಾ?”

“ಹೌದು ದೇಯಿ. ತುಕ್ಕು ತೆಗೆಯಲಿಕ್ಕೆ ಆ್ಯಸಿಡ್ ತೊಟ್ಟಿಗೆ ಇಳಿಸಿದ ಉಕ್ಕಿನ ತಗಡೆಲ್ಲ ತೂತು.”

“ತೌಡು ಹಾಕಿದ್ರೆ ಆ್ಯಸಿಡ್ ತುಕ್ಕು ಮಾತ್ರ ತಿನ್ತದೆ, ಉಕ್ಕು ಉಳೀತದೆ ಅಂತ ಹೇಳ್ತಿದ್ರಿ.”

“ತೌಡು ಹಾಕಿದ್ರೆ.”

ಅವಳು ಮಗುವಿಗೆ ಸೆರಗು ಹೊದಿಸಿದಳು.

“ತೊಟ್ಟಿಗೆ ಹಾಕ್ಲಿಕ್ಕೆ ಅಂತ ನಾನು ಮನೆಯಿಂದ ಗಂಟು ಕಟ್ಟಿ ಕೊಟ್ಟದ್ದು ತೌಡಲ್ಲ, ಉಮಿ. ಭತ್ತ ಕುಟ್ಟಿ ತಂದ ತೌಡಿನಲ್ಲಿ ಮಗುವಿಗೆ ರೊಟ್ಟಿ ಸುಟ್ಟೆ. ಎರಡೂ ಭತ್ತದ್ದೇ ಅಲ್ವಾ, ಆಗ್ತದೆ ಅಂತ ಗ್ರಹಿಸಿದೆ.”

“ಗೊತ್ತುಂಟು.”

“ಯಾವಾಗ ಗೊತ್ತಾಯ್ತು?”

“ಗಂಟು ಎತ್ತುವಾಗಲೇ. ಉಮಿ ಹಗುರ.”

“ಮತ್ತೆ ಎಂತಕ್ಕೆ ಕೇಳ್ಲಿಲ್ಲ ನೀವು?”

“ಕೇಳಿದ್ರೆ ನೀನು ತೌಡು ಕೊಡ್ತಿದ್ದಿ. ಮಗು ಅಲ್ಲೇ ಕೂತು ರೊಟ್ಟಿ ತಿನ್ತಾ ಇತ್ತು.”

ದೋಣಿ ಬಂತು. ಅವನು ಬಗ್ಗಿ ಮಗುವನ್ನು ಎತ್ತಿಕೊಂಡ.

“ನಾಳೆಯಿಂದ ಗಂಟು ಕಟ್ಟುದು ಬೇಡ,” ಎನ್ನುತ್ತ ನೀರಿಗಿಳಿದು ದೋಣಿಯ ಕಡೆ ನಡೆದ. ಅವಳು ಎದ್ದು, ಸೀರೆ ತುಸು ಮೇಲೆತ್ತಿ, ಅವನ ಹಿಂದೆಯೇ ನೀರಿಗಿಳಿದಳು.