ಎರಡು ಡಿಸ್ಕು, ಒಂದು ದನಿ

ಕಣ್ಣಾಸ್ಪತ್ರೆಯಲ್ಲಿ ಔಷಧಿಯ ಹನಿ ಹಾಕಿಸಿಕೊಂಡು ಕೂತಿದ್ದ ದರ್ಜಿಗೆ ಎದುರಿನ ಗೋಡೆಯೂ ಮಸುಕಾಗಿತ್ತು. ಕಿವಿ ಮಾತ್ರ ಚುರುಕಾಗಿತ್ತು. ಪಕ್ಕದ ಬೆಂಚಿನಲ್ಲಿ ಯಾರೋ ಅತ್ತಿಗೆ, ಮೈದುನ ಮಾತಾಡುತ್ತಿದ್ದರು.

“ಅಣ್ಣ ತೀರಿಕೊಂಡ ಮೇಲೆ ಅವನ ಕಂಪ್ಯೂಟರಿನ ಡಿಸ್ಕೂ ಕೈಕೊಡೋದ್ರಲ್ಲಿತ್ತು ಅತ್ತಿಗೆ. ಕಂಪ್ಯೂಟರ್ ನಡೆಸೋ ಲಿನಕ್ಸ್ ಇದ್ದ ಭಾಗಾನ ಹೊಸ ಡಿಸ್ಕಿಗೆ ಕಾಪಿ ಮಾಡ್ದೆ.”

“ಅಷ್ಟು ಮಾಡಿದ್ರೆ ಶುರುವಾಗುತ್ತಲ್ಲ?”

“ಎಲ್ಲಿ? ಒಳಗಿದ್ದದ್ದೆಲ್ಲ ಬಂದಿತ್ತು, ಆದ್ರೆ ಏಳ್ತಾನೇ ಇರ್ಲಿಲ್ಲ. ಹಳೇ ಡಿಸ್ಕಿನ ಗುರುತಿನ ನಂಬರ್ ಹುಡುಕ್ತಾ ನಿಂತುಬಿಡ್ತಿತ್ತು. ಹೊಸದರ ನಂಬರ್ ಬರೆದು, ಕಂಪ್ಯೂಟರನ್ನ ಎಬ್ಬಿಸೋ ಬೂಟ್‌ಲೋಡರನ್ನ ಮತ್ತೆ ಕೂರಿಸ್ದೆ. ನಿನ್ನೆ ನನ್ನ ಅಂಗಡೀಲಿ ಬೇರೆ ಕಂಪ್ಯೂಟರಿಗೆ ಹಾಕಿದಾಗ ಎದ್ದುಬಿಡ್ತು. ಅಣ್ಣನ ದನೀನೂ ಬಂತು.”

“‘ಬಂದೆ ಕಣೇ, ಬಾಗಿಲು ತೆಗಿ’ ಅಂತ?”

“ಹೂಂ. ಆನ್ ಮಾಡಿದಾಗಲೆಲ್ಲ ಹಾಗನ್ನಲಿ ಅಂತ ನಿಮ್ಮನ್ನ ರೇಗಿಸೋಕೆ ಅಣ್ಣ ದನಿ ರೆಕಾರ್ಡ್ ಮಾಡಿ ಹಾಕಿಟ್ಟಿದ್ದಲ್ವಾ.”

“ಬೆಳಿಗ್ಗೆ ಅಡುಗೆಮನೇಲಿದ್ದಾಗ ನಂಗೂ ಕೇಳಿಸ್ತು ಕಣೋ. ನೀನು ಯಾವಾಗ ಬಂದು ಡಿಸ್ಕು ಜೋಡಿಸಿಟ್ಟು ಹೋದ್ಯಪ್ಪಾ ಅಂದ್ಕೊಂಡೆ.”

ಮೈದುನ ಚೀಲದ ಜಿಪ್ ಎಳೆದು ಒಳಗೆ ತಡಕಿದ ಸದ್ದಾಯಿತು.

“ನಾನಿನ್ನೂ ಜೋಡಿಸಿಲ್ಲ ಅತ್ತಿಗೆ. ಎರಡೂ ಡಿಸ್ಕು ಈ ಚೀಲದಲ್ಲೇ ಇವೆ. ಮನೇಲಿರೋದು ಕಂಪ್ಯೂಟರಿನ ಬರೀ ಖಾಲಿ ಡಬ್ಬ.”

ನರ್ಸ್ ಒಳಗಿನಿಂದ ಕರೆದಳು. ಇಬ್ಬರೂ ಎದ್ದ ಸದ್ದಾಯಿತು.

“ಅತ್ತಿಗೆ, ನೀವು ಬಾಗಿಲು ತೆಗೆದ್ರಾ?”

“ನಿಮ್ಮಣ್ಣ ಕರೆದ್ರೆ ತೆಗೀದೆ ಇರ್ತೀನಾ? ಆಮೇಲೆ ಹಾಕೋಕೆ ಮನಸ್ಸೇ ಬರ್ಲಿಲ್ಲ. ಹಾಗೇ ತೆಗೆದಿಟ್ಟು ಬಂದಿದ್ದೀನಿ.”

ಮೈದುನ ಏನೋ ಹೇಳಿದ. ಅಷ್ಟರಲ್ಲಿ ವೈದ್ಯರ ಕೋಣೆಯ ಬಾಗಿಲು ಅವರ ಹಿಂದೆ ಮುಚ್ಚಿಕೊಂಡಿತು.