ಕರೆಂಟಿಲ್ಲದ ತಲೆಪಟ್ಟಿ

ವಯಸ್ಸಾದವರ ತಲೆಗೆ ಹೊರಗಿನಿಂದ ಸಣ್ಣ ಕರೆಂಟು ಹಾಯಿಸಿದರೆ ಮರೆವು ತಗ್ಗುತ್ತದೆಯೇ ಎಂದು ನಾನು ಹೋಗಿದ್ದ ಆಸ್ಪತ್ರೆಯಲ್ಲಿ ಪ್ರಯೋಗ ನಡೆದಿತ್ತು. ನನ್ನ ಪಕ್ಕದ ಬೆಂಚಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಗಂಡನಿಗಾಗಿ ಕಾಯುತ್ತಿದ್ದರು. ಗಂಡ, ಕೆಲಸ ಬಿಟ್ಟ ದರ್ಜಿ, ಒಳಗಿನಿಂದ ಕಾಗದವೊಂದನ್ನು ಹಿಡಿದು ಬುಸುಗುಡುತ್ತಾ ಬಂದರು.

“ಒಂದು ತಿಂಗಳು ತಲೆಗೆ ಒದ್ದೆ ಪಟ್ಟಿ ಕಟ್ಟಿ ಕೂರಿಸಿದ್ರು ಕಣೇ! ಈಗ ನೋಡಿದ್ರೆ ನನಗೆ ಕರೆಂಟೇ ಕೊಟ್ಟಿಲ್ವಂತೆ!”

“ಅದ್ಯಾಕಂತೆ?”

“ಅರ್ಧ ಜನಕ್ಕೆ ಕರೆಂಟು, ಅರ್ಧ ಜನಕ್ಕೆ ಬರೀ ಪಟ್ಟಿಯಂತೆ. ಹೋಲಿಸಿ ನೋಡೋಕೆ.”

“ಸಹಿ ಹಾಕುವಾಗ ಓದ್ಲಿಲ್ವಾ?”

“ಓದಿದ್ದೆ. ಆ ಬರೀ ಪಟ್ಟಿಯವನು ನಾನೇ ಅಂತ ಕನಸು ಬಿದ್ದಿತ್ತಾ?”

“ಈ ತಿಂಗಳು ನನ್ನ ಮಾತ್ರೆ ಒಂದ್ಸಲಾನೂ ಮರೀದೆ ತಂದ್ರಲ್ಲ?”

“ಅದೇ ಮತ್ತೆ! ಕರೆಂಟು ಕೆಲಸ ಮಾಡ್ತಿದೆ ಅಂತ ಎಷ್ಟು ಖುಷಿಯಾಗಿದ್ದೆ!”

ಆಕೆ ಗಂಡನತ್ತ ತಿರುಗಿದರು.

“ಅಂದ್ರೆ ನೆನಪಿಡೋ ಶಕ್ತಿ ಮೊದಲಿಂದ್ಲೂ ನಿಮ್ಮ ತಲೇಲೇ ಇತ್ತು.”

“ಇನ್ನೆಲ್ಲಿರುತ್ತೆ?”

“ಗಿರಾಕಿಗಳ ಕಾಲರ್ ಅಳತೆಯೆಲ್ಲ ಬಾಯಿಪಾಠ. ನಾನು ಹೇಳಿದ್ದು ಮಾತ್ರ ಮರೆತೇಹೋಯ್ತು ಅಂತ ನಲವತ್ತು ವರ್ಷ ಸಬೂಬು ಹೇಳಿದ್ರಲ್ರೀ!”

ಆಕೆ ಎದ್ದು ದಡದಡನೆ ಮೆಟ್ಟಿಲಿಳಿದರು. ಬೆಂಚಿನ ಕೆಳಗೆ ಉಳಿದಿದ್ದ ಆಕೆಯ ಚೀಲವನ್ನು ಮರೆಯದೆ ಎತ್ತಿಕೊಂಡು ಅವರೂ ಹಿಂದೆಯೇ ಓಡಿದರು.